ಕವಡೆ ಮತ್ತು ದಾಳದ ಆಟಗಳು: ಕೊಡಗಿನ ಪರಿಸರದಲ್ಲಿ ಒಂದು ವಿವೇಚನೆ

ಜನಪದ ಕ್ರೀಡೆಗಳ ಅಧ್ಯಯನದಲ್ಲಿ ಹೊರಾಂಗಣದ ಆಟಗಳಿಗೆ ದೊರೆತಷ್ಟು ಗಮನ ಒಳಾಂಗಣದ ಆಟಗಳಿಗೆ ದೊರೆತಿಲ್ಲ. ಕೊಡಗಿನ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು, ಪುತ್ತರಿಯ ಕೋಲಾಟ, ಪರೆಯಕಳಿ, 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವ ಇವೆಲ್ಲ ನಾಡಿನ ಕಣ್ಣಿಗೆ ಬಿದ್ದಿವೆ. ಇವು ಮಂದ್‌ನಲ್ಲಿ, ಮೈದಾನದಲ್ಲಿ, ಹತ್ತು ಜನರ ಎದುರಿಗೆ ನಡೆಯುವಂಥವು. ಮನೆಯೊಳಗೆ ನಾಲ್ವರು ಕುಳಿತು ಆಡುವ ಆಟಕ್ಕೆ ನೋಡುಗರಿಲ್ಲ. ಆದ್ದರಿಂದ ದಾಖಲೆಯೂ ವಿರಳ. ಕವಡೆ ಅಥವಾ ದಾಳವನ್ನು ಎಸೆದು ಆಡುವ ಚೌಕಾಬಾರ ಹಾಗೂ ಪಗಡೆಯ ಸ್ವರೂಪವನ್ನು ವಿವರಿಸಿ, ಕುಟುಂಬದ ಒಳಗೆ ಅವು ನಿರ್ವಹಿಸುವ ಕೆಲಸವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಟದ ಪರಿಸರ

ಕೊಡಗು ಮಳೆಯ ನಾಡು. ಭಾಗಮಂಡಲದ ಕಡೆಗೆ ಸುರಿಯುವಷ್ಟು ಮಳೆ ಕುಶಾಲನಗರದ ಕಡೆಗೆ ಬೀಳದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲೆಯ ಬದುಕು ಮಳೆಯ ಲಯಕ್ಕೆ ಒಳಪಟ್ಟಿರುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ಶುಭಕಾರ್ಯಗಳು ನಡೆಯುವುದಿಲ್ಲ. ಹಗಲು ಗದ್ದೆಯ ನಾಟಿ, ಸಂಜೆ ಮನೆ. ಹೊರಗೆ ಹೋಗಲಾಗದ ಆ ದೀರ್ಘವಾದ ಸಂಜೆಗಳು ಒಳಾಂಗಣದ ಆಟಗಳಿಗೆ ಹೇಳಿ ಮಾಡಿಸಿದ ಕಾಲ. ನೆರೆಯ ತುಳುನಾಡಿನಲ್ಲಿ ಇದೇ ಅವಧಿಯ ಆಟಿ ತಿಂಗಳು ಚೆನ್ನೆಮಣೆಯ ತಿಂಗಳಾಗಿರುವುದು ಆಕಸ್ಮಿಕವಲ್ಲ.

ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಯರವ, ಕುರುಬ ಹೀಗೆ ಹಲವು ನುಡಿಗಳು ಈ ಪುಟ್ಟ ಜಿಲ್ಲೆಯಲ್ಲಿ ಒಟ್ಟಿಗೆ ಬಾಳುತ್ತಿವೆ. ಹಳೆಯ ಮೈಸೂರು ಸೀಮೆಗೆ ತಾಗಿಕೊಂಡ ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಕಡೆಯ ಕನ್ನಡ ಮನೆಗಳಿಗೆ ಚೌಕಾಬಾರ ಪರಿಚಿತವಾದುದು. ಕವಡೆಯಾದರೋ ಬೆಟ್ಟದ ವಸ್ತುವಲ್ಲ, ಕಡಲಿನದು. ಉಪ್ಪು ಮೊದಲಾದ ಸರಕಿಗಾಗಿ ಹೇರೆತ್ತುಗಳೊಡನೆ ಮಲೆಯಾಳದ ಕರಾವಳಿಗೆ ಇಳಿದು ಹತ್ತುತ್ತಿದ್ದ ದಾರಿಗಳು ಕೊಡಗಿಗಿದ್ದವು. ಕವಡೆಯೂ ಅಂಥ ದಾರಿಗಳಲ್ಲಿಯೇ ಘಟ್ಟ ಹತ್ತಿರಬೇಕೆಂದು ಊಹಿಸಬಹುದು.

ಸಾಮಗ್ರಿ ಮತ್ತು ಪರಿಭಾಷೆ

ಈ ಆಟಗಳಿಗೆ ಬೇಕಾದ ಸಾಮಗ್ರಿ ಅತ್ಯಲ್ಪ. ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಎಳೆದ ಗೆರೆಗಳೇ ಮಣೆ. ಬಳೆಚೂರು, ಹುಣಸೆ ಬೀಜ, ಗುಲಗಂಜಿ, ಕಲ್ಲಿನ ಹರಳು ಇವೇ ಕಾಯಿಗಳು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಎಸೆದಾಗ ಬೀಳುವ ಎಣಿಕೆಗೆ ‘ಗರ’ ಎಂದು ಹೆಸರು.

ಈ ಪರಿಭಾಷೆಯಲ್ಲಿ ಒಂದು ಸೊಗಸಾದ ರೂಪಕವಿದೆ. ಮಣೆಯ ಮೇಲೆ ನಡೆಯುವುದು ‘ಕಾಯಿ’. ನಡುಮನೆಯನ್ನು ಮುಟ್ಟಿದೊಡನೆ ಅದು ‘ಹಣ್ಣು’. ಕಾಯಿ ಹಣ್ಣಾಯಿತೆಂದರೆ ಅದರ ಪಯಣ ಮುಗಿಯಿತು, ಇನ್ನು ಅದನ್ನು ಯಾರೂ ಹೊಡೆಯಲಾರರು. ಗೆಲುವನ್ನು ಸೂಚಿಸಲು ಯುದ್ಧದ ಮಾತನ್ನು ಬಿಟ್ಟು ತೋಟದ ಮಾತನ್ನು ಆರಿಸಿಕೊಂಡಿರುವುದು ಕೃಷಿಸಮಾಜದ ಮನೋಧರ್ಮಕ್ಕೆ ಸಾಕ್ಷಿ. ಎಣಿಕೆಯ ಮಾತುಗಳೂ ಗಮನಾರ್ಹ. ಕೊಡವ ತಕ್ಕಿನಲ್ಲಿ ಎರಡಕ್ಕೆ ‘ದಂಡ್’, ಮೂರಕ್ಕೆ ‘ಮೂಂದ್’. ಕನ್ನಡದವರಿಗೆ ಎರಡು, ಮೂರು. ಆದರೆ ಚೌಕ, ಬಾರ ಎಂಬ ದೊಡ್ಡ ಗರಗಳ ಹೆಸರುಗಳು ಉತ್ತರದ ನುಡಿಗಳ ನಂಟನ್ನು ತೋರುತ್ತವೆ. ಆಟವು ಊರಿಂದ ಊರಿಗೆ ನಡೆದು ಬಂದ ಗುರುತು ಈ ಹೆಸರುಗಳಲ್ಲಿ ಉಳಿದಿದೆ.

ಚೌಕಾಬಾರದ ನಡೆ

ಚೌಕಾಬಾರದ ಸಾಮಾನ್ಯ ಮಣೆಯಲ್ಲಿ ಐದು ಸಾಲುಗಳಲ್ಲಿ ಐದೈದರಂತೆ 25 ಮನೆಗಳಿರುತ್ತವೆ. ನಾಲ್ಕು ಬದಿಗಳ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆಯ ಗುರುತು ಹಾಕಲಾಗುತ್ತದೆ. ಬದಿಯ ಗುರುತಿನ ಮನೆ ಆಯಾ ಆಟಗಾರನ ಸ್ವಂತ ಮನೆ. ಅಲ್ಲಿ ಯಾರ ಕಾಯಿ ನಿಂತರೂ ಅದನ್ನು ಹೊಡೆಯುವಂತಿಲ್ಲ. ನಾಲ್ವರಿಗೂ ನಾಲ್ಕು ನಾಲ್ಕು ಕಾಯಿಗಳು.

ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ ಎಸೆದಾಗ ಅಂಗಾತ ಬಿದ್ದವುಗಳ ಸಂಖ್ಯೆಯೇ ಗರ. ಒಂದು ಅಂಗಾತವಾದರೆ 1, ಎರಡಾದರೆ 2, ಮೂರಾದರೆ 3. ನಾಲ್ಕೂ ಅಂಗಾತವಾದರೆ 4, ಅದೇ ಚೌಕ. ನಾಲ್ಕೂ ಬೋರಲಾದರೆ 8. ಇದನ್ನು ಕೆಲವೆಡೆ ಬಾರ, ಕೆಲವೆಡೆ ಅಷ್ಟ ಎನ್ನುತ್ತಾರೆ. ಚೌಕವೋ ಬಾರವೋ ಬಿದ್ದರೆ, ಇಲ್ಲವೆ ಎದುರಾಳಿಯ ಕಾಯಿಯನ್ನು ಹೊಡೆದರೆ, ಮತ್ತೊಮ್ಮೆ ಎಸೆಯುವ ಅವಕಾಶ. ಏಳೇಳರ 49 ಮನೆಗಳ ದೊಡ್ಡ ಮಣೆಯೂ ಇದೆ. ಅದನ್ನು ಆರು ಕವಡೆಗಳಿಂದ ಆಡುತ್ತಾರೆ. ಅಲ್ಲಿ ಆರೂ ಬೋರಲಾದರೆ 12. ‘ಬಾರ’ ಎಂಬ ಹೆಸರಿನ ಅರ್ಥ ಹೊಂದುವುದು ಈ ಹನ್ನೆರಡಕ್ಕೇ.

ಕಾಯಿ ತನ್ನ ಮನೆಯಿಂದ ಹೊರಟು ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆಗೆ ಸೇರಬೇಕು. ಒಟ್ಟು 24 ಹೆಜ್ಜೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿನ ಪ್ರವೇಶವಿಲ್ಲ ಎಂಬುದು ಬಹುಮುಖ್ಯ ನಿಯಮ. ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ನಡೆದವನು ಎಂದೂ ಹಣ್ಣಾಗಲಾರನು. ಏಟು ತಿಂದ ಕಾಯಿ ತನ್ನ ಮನೆಗೆ ಮರಳಿ ಮೊದಲಿನಿಂದ ಹೊರಡಬೇಕು.

ಕವಡೆಯ ಗರಗಳು ಸಮಸಂಭವವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆ 16. ಅವುಗಳಲ್ಲಿ ಎರಡು ಬೀಳುವ ಬಗೆ 6, ಒಂದು ಮತ್ತು ಮೂರು ಬೀಳುವ ಬಗೆ ತಲಾ 4, ಚೌಕ ಮತ್ತು ಬಾರಕ್ಕೆ ತಲಾ 1. ಸರಾಸರಿ ಗರ ಎರಡೂವರೆ. ಆರು ಮುಖದ ದಾಳದಲ್ಲಿ ಒಂದಕ್ಕೂ ಆರಕ್ಕೂ ಸಮಾನ ಅವಕಾಶ. ಕವಡೆಯಲ್ಲಿ ಸಣ್ಣ ಗರಗಳೇ ವಾಡಿಕೆ, ದೊಡ್ಡ ಗರ ಅಪರೂಪ. ಹಾಗಾಗಿ ಎದುರಾಳಿಯಿಂದ ಎರಡು ಮನೆ ಮುಂದೆ ನಿಂತ ಕಾಯಿಗೆ ಅಪಾಯ ಹೆಚ್ಚು, ನಾಲ್ಕು ಮನೆ ಮುಂದೆ ನಿಂತದ್ದಕ್ಕೆ ಕಡಿಮೆ. ಶಾಲೆಯ ಗಣಿತ ಕಲಿಯದ ಅಜ್ಜಿಯೂ ಈ ಲೆಕ್ಕವನ್ನು ಅನುಭವದಿಂದಲೇ ಬಲ್ಲವಳು.

ಪಗಡೆ

ಪಗಡೆಯ ಹಾಸು ಅಡ್ಡ-ಉದ್ದ ನಾಲ್ಕು ತೋಳುಗಳುಳ್ಳದ್ದು. ಪ್ರತಿ ತೋಳಿನಲ್ಲಿ ಎಂಟೆಂಟು ಮನೆಗಳ ಮೂರು ಸಾಲು; ಒಟ್ಟು 96 ಮನೆಗಳು, ನಡುವೆ ಒಂದು ಚೌಕ. ಬಟ್ಟೆಯ ಹಾಸಾದ್ದರಿಂದ ಮಡಿಸಿ ಇಡಬಹುದು. ನಾಲ್ಕು ಬಣ್ಣಗಳ 16 ಕಾಯಿಗಳು. ಎದುರುಬದುರು ಕುಳಿತವರು ಜೊತೆಗಾರರು. ಇಬ್ಬರ ಎಂಟೂ ಕಾಯಿಗಳು ಹಣ್ಣಾಗದೆ ಒಬ್ಬನ ಗೆಲುವು ಗೆಲುವೆನಿಸದು.

ಪಗಡೆಯ ದಾಳ ನೀಳವಾದುದು. ತುದಿಗಳ ಮೇಲೆ ನಿಲ್ಲದೆ ಉರುಳುತ್ತದೆ. ಅದರ ನಾಲ್ಕು ಮುಖಗಳಲ್ಲಿ 1, 3, 4, 6 ಇಲ್ಲವೆ 1, 2, 5, 6 ಚುಕ್ಕಿಗಳಿರುತ್ತವೆ. ಮೊದಲ ಬಗೆಯ ಎರಡು ದಾಳಗಳನ್ನು ಉರುಳಿಸಿದರೆ 16 ಬಗೆಗಳಲ್ಲಿ ನಾಲ್ಕು ಸಲ ಮೊತ್ತ 7 ಆಗುತ್ತದೆ. 3 ಮತ್ತು 11 ಬೀಳುವುದೇ ಇಲ್ಲ. ಮೊತ್ತವನ್ನು ಒಂದೇ ಕಾಯಿಗೆ ನಡೆಸಬೇಕೆ, ಎರಡು ದಾಳಗಳನ್ನು ಎರಡು ಕಾಯಿಗಳಿಗೆ ಹಂಚಬೇಕೆ ಎಂಬ ಆಯ್ಕೆಯಲ್ಲಿ ಆಟಗಾರನ ಜಾಣ್ಮೆಯಿದೆ. ದಾಳ ದೈವದ್ದು, ನಡೆ ಮನುಷ್ಯನದು ಎಂಬ ಹಂಚಿಕೆ ಚೌಕಾಬಾರಕ್ಕಿಂತ ಪಗಡೆಯಲ್ಲಿ ಹೆಚ್ಚು ಸ್ಪಷ್ಟ.

ಈ ಆಟಗಳ ಪ್ರಾಚೀನತೆಗೆ ಕನ್ನಡ ನಾಡಿನಲ್ಲಿ ಆಧಾರಗಳಿವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸವು ಪಾಶಕ ಮತ್ತು ವರಾಟಿಕಾ, ಅಂದರೆ ದಾಳ ಮತ್ತು ಕವಡೆಯ ಕ್ರೀಡೆಗಳನ್ನು ಕುರಿತು ಹೇಳುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಮಣೆಯಾಟಗಳಿಗೆ ಸ್ಥಾನವಿದೆ. ಹಂಪಿಯ ದೇಗುಲ, ಮಂಟಪಗಳ ಹಾಸುಗಲ್ಲುಗಳಲ್ಲಿ ಆಟದ ಮಣೆಗಳು ಕೊರೆದಂತೆಯೇ ಉಳಿದಿವೆ. ಇದೇ ಕುಲದ ಪಚ್ಚೀಸಿ ಆಟ ಇಂಗ್ಲೆಂಡಿಗೆ ಹೋಗಿ, ಸರಳಗೊಂಡು, 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದು, ಅಚ್ಚಿನ ಹಲಗೆಯಾಗಿ ನಮ್ಮ ಮನೆಗಳಿಗೇ ಮರಳಿತು.

ಜೂಜು ಮತ್ತು ಆಟ

ದಾಳವೆಂದೊಡನೆ ನೆನಪಾಗುವುದು ಕುರುಸಭೆಯ ದ್ಯೂತ. ಋಗ್ವೇದದ ಅಕ್ಷಸೂಕ್ತದಲ್ಲಿಯೂ ಜೂಜುಗಾರನೊಬ್ಬನ ಹಾಳಾದ ಸಂಸಾರದ ಅಳಲಿದೆ. ಹೀಗಾಗಿ ದಾಳವನ್ನು ಮನೆಯೊಳಗೆ ತರಬಾರದೆಂಬ ಹಿರಿಯರ ಎಚ್ಚರಿಕೆ ಸಹಜವೇ. ಆದರೆ ಕನ್ನಡದ ಆದಿಕವಿ ಪಂಪನು 941ರ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಬೇರೊಂದು ದಾಳದಾಟವನ್ನೂ ನೆನೆದಿದ್ದಾನೆ. ಅದು ಭಾನುಮತಿಯ ನೆತ್ತದ ಪ್ರಸಂಗ. ಅಲ್ಲಿ ಆಡಿದವರು, ಸೋತವರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೆ ಕರ್ಣನು ಆ ಘಟನೆಯನ್ನು ನೆನೆಯುವುದು ದುರ್ಯೋಧನನು ತನ್ನಲ್ಲಿಟ್ಟ ನಂಬಿಕೆಯ ಗುರುತಾಗಿ ಎಂಬುದರಲ್ಲಿ ಸಂದೇಹವಿಲ್ಲ. ಒಂದೇ ಕಥೆಯೊಳಗೆ ಸಭೆಯ ದಾಳ ಬಂಧುತ್ವವನ್ನು ಒಡೆಯುತ್ತದೆ, ಒಳಮನೆಯ ದಾಳ ಸ್ನೇಹಕ್ಕೆ ಸಾಕ್ಷಿಯಾಗುತ್ತದೆ. ದಾಳದ ಜೊತೆಗೆ ಬೇರೇನನ್ನು ಮಣೆಯ ಮೇಲೆ ಇಡಲಾಗಿದೆ ಎಂಬುದೇ ಎರಡರ ನಡುವಿನ ವ್ಯತ್ಯಾಸವನ್ನು ನಿರ್ಧರಿಸುತ್ತದೆ.

ಹಾಗಾದರೆ ಪಣವಿಲ್ಲದ ಗರ ಕುಟುಂಬದಲ್ಲಿ ಮಾಡುವ ಕೆಲಸವೇನು? ಉತ್ತರಕ್ಕಾಗಿ ಗರವೇ ಇಲ್ಲದ ಚೆನ್ನೆಯಾಟವನ್ನು ಹೋಲಿಸಿ ನೋಡಬಹುದು. ಚೆನ್ನೆಯಲ್ಲಿ ಎಲ್ಲವೂ ಎಣಿಕೆ. ಸೋತವನು ತನ್ನ ಲೆಕ್ಕವನ್ನೇ ದೂರಬೇಕು. ಗೋಪಾಲ ನಾಯ್ಕರು ಹಾಡಿದ, 1998ರಲ್ಲಿ ಪ್ರಕಟವಾದ ಸಿರಿ ಮಹಾಕಾವ್ಯದ ಪರಂಪರೆಯಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಡುತ್ತಾರೆ. ಮಣೆಯ ಏಟಿಗೆ ಒಬ್ಬಳು ಸತ್ತು, ಇನ್ನೊಬ್ಬಳೂ ಪ್ರಾಣ ಬಿಡುತ್ತಾಳೆ. ಅಕ್ಕತಂಗಿಯರು ಚೆನ್ನೆಯಾಡಬಾರದೆಂಬ ತುಳುನಾಡಿನ ನಂಬಿಕೆಯ ಹಿಂದೆ ಈ ಕಥೆಯಿದೆ. ಚೌಕಾಬಾರದಲ್ಲಿಯಾದರೋ ಸೋತವರು “ಗರ ಬೀಳಲಿಲ್ಲ” ಎಂದು ಹೇಳಿ ಏಳಬಹುದು. ಸೋಲಿನ ಹೊರೆಯನ್ನು ಕವಡೆ ಹೊರುತ್ತದೆ. ಮನುಷ್ಯರ ಸಂಬಂಧ ಹಗುರವಾಗಿ ಉಳಿಯುತ್ತದೆ.

ಕಿರಿಯರು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ ಕ್ರಮ ಕೊಡವರ ಒಕ್ಕದ ಬದುಕಿನಲ್ಲಿ ಇಂದಿಗೂ ಬಲವಾಗಿದೆ. ವಯಸ್ಸಿನ ಮರ್ಯಾದೆ ಇಷ್ಟು ಗಟ್ಟಿಯಾಗಿರುವ ಯಾವುದೇ ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳು ಅಜ್ಜನ ಕಾಯಿಯನ್ನು ಹೊಡೆದು ಮನೆಗೆ ಅಟ್ಟಬಲ್ಲ ಜಾಗ ಮಣೆಯೊಂದೇ. ಗರಕ್ಕೆ ಹಿರಿಯರು ಕಿರಿಯರೆಂಬ ಭೇದವಿಲ್ಲ. ಆಟ ಮುಗಿದೊಡನೆ ಮರ್ಯಾದೆ ಹಿಂದಿರುಗುತ್ತದೆ. ಕ್ರಮವನ್ನು ಮುರಿಯದೆ ಸ್ವಲ್ಪ ಹೊತ್ತು ಸಡಿಲಿಸುವ ಈ ಅವಕಾಶವೇ ಕುಟುಂಬದ ದಾಳದಾಟದ ಸಾಮಾಜಿಕ ಮೌಲ್ಯ.

ದಾಖಲಾತಿಯ ಪ್ರಶ್ನೆ

ಈ ಆಟಗಳ ನಿಯಮಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಕಾಯಿ ಹೊರಡಲು ದೊಡ್ಡ ಗರವೇ ಬೀಳಬೇಕೆ? ಚೌಕ ಮೂರು ಬಾರಿ ಬಿದ್ದರೆ ಲೆಕ್ಕಕ್ಕುಂಟೆ? ಒಂದೇ ಮನೆಯಲ್ಲಿ ಜೋಡಿಯಾಗಿ ನಿಂತ ಕಾಯಿಗಳನ್ನು ಒಂಟಿ ಕಾಯಿ ಹೊಡೆಯಬಹುದೆ? ಮದುವೆಯಾಗಿ ಬಂದ ಸೊಸೆ ತವರಿನ ನಿಯಮ ಹೇಳುತ್ತಾಳೆ, ಅತ್ತೆ ತನ್ನ ಮನೆಯ ಕ್ರಮ ಹೇಳುತ್ತಾಳೆ. ಇಬ್ಬರೂ ಒಪ್ಪಿದ ಮೇಲೆಯೇ ಆಟ ಆರಂಭ. ಈ ಒಪ್ಪಂದವೂ ಆಟದ ಭಾಗವೇ. ಲೂಡೋ ಹಲಗೆಯ ಹಿಂದೆ ನಿಯಮಗಳು ಅಚ್ಚಾಗಿ ಬಂದಾಗ ಈ ಮಾತುಕತೆ ಕುಗ್ಗಿತು. ಮೊಬೈಲ್ ದೂರವಾಣಿಯ ಲೂಡೋದಲ್ಲಿ ಯಂತ್ರವೇ ಗರ ಹಾಕಿ ಯಂತ್ರವೇ ತೀರ್ಪು ಕೊಡುವುದರಿಂದ ಅದು ನಿಂತೇಹೋಯಿತು.

ವರ್ಷದಲ್ಲಿ ಕೆಲವೇ ದಿನ, ಹಬ್ಬಕ್ಕೋ ಕಾರಣರ ಸೇವೆಗೋ, ಒಕ್ಕದವರು ಐನ್‌ಮನೆಯಲ್ಲಿ ಸೇರುವ ಕಾಲವಿದು. ನಿಯಮ ಬಲ್ಲ ಹಿರಿಯರೂ ಕಲಿಯಬೇಕಾದ ಮಕ್ಕಳೂ ಒಂದೇ ಸೂರಿನ ಕೆಳಗೆ ಸಿಗುವ ಆ ದಿನಗಳು ಕ್ಷೇತ್ರಕಾರ್ಯಕ್ಕೆ ಅತ್ಯುಚಿತ. ಸಂಗ್ರಾಹಕರು ಮಣೆಯ ಚಿತ್ರವನ್ನು ತೆಗೆದುಕೊಂಡಷ್ಟಕ್ಕೆ ತೃಪ್ತರಾಗಬಾರದು. ಗರಗಳ ಹೆಸರು, ಆಯಾ ನುಡಿಯ ಎಣಿಕೆ, ಹೊಡೆತದ ಮತ್ತು ಹಣ್ಣಾಗುವ ನಿಯಮ, ವಿವಾದ ಬಂದಾಗ ತೀರ್ಪು ಕೊಡುವವರು ಯಾರು, ಯಾರ ಜೊತೆ ಯಾರು ಆಡಬಾರದು ಎಂಬುದನ್ನೂ ಮನೆಮನೆಯ ಪಾಠಾಂತರಗಳೊಡನೆ ಬರೆದುಕೊಳ್ಳಬೇಕು. ಹಂಪಿಯ ಹಾಸುಗಲ್ಲಿನ ಮಣೆಗಳು ಇಂದಿಗೂ ಕಾಣುತ್ತವೆ. ಅವುಗಳ ಮೇಲೆ ಕುಳಿತವರು ಯಾವ ನಿಯಮ ಒಪ್ಪಿ ಆಡಿದರೆಂಬುದನ್ನು ಕಲ್ಲು ಹೇಳುವುದಿಲ್ಲ. ಸೀಮೆಸುಣ್ಣದ ಗೆರೆಯಂತೂ ಮರುದಿನದ ಕಸಬರಿಕೆಗೆ ಅಳಿಸಿಹೋಗುವಂಥದ್ದು. ಅದರ ಆಟ ಉಳಿಯುವುದು ಆಡುವವರ ಬಾಯಲ್ಲಿ, ಇಲ್ಲವೆ ಕೇಳಿ ಬರೆದುಕೊಂಡವರ ಪುಟದಲ್ಲಿ ಮಾತ್ರ.