ಅರಿವಿಗೂ ಕಾವಲು ಬೇಕೆ?

ಕುಣಿಗಲ್ಲೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಅಲ್ಲಿನ ವಿಶಾಲವಾದ ಕೆರೆ ಹಾಗೂ ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುದುರೆ ಫಾರಂ. ಸೈನ್ಯಕ್ಕೆ ಕುದುರೆಯೇ ಬಲವಾಗಿದ್ದ ಕಾಲವೊಂದಿತ್ತು. ಆದುದರಿಂದಲೇ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಗೂಢಚಾರರು ಶತ್ರುಪಕ್ಷದ ಕುದುರೆ, ಹೇಸರಗತ್ತೆಗಳಿಗೆ ಗ್ಲ್ಯಾಂಡರ್ಸ್, ಆಂಥ್ರಾಕ್ಸ್ ರೋಗಾಣುಗಳನ್ನು ಅಂಟಿಸಲು ಯತ್ನಿಸಿದರು. ರಣಭೂಮಿಯಲ್ಲಿ ವಿಷವಾಯುವೂ ಹರಡಿತು. ಲೋಕ ಬೆಚ್ಚಿತು.

1925ರ ಜಿನೀವಾ ಒಪ್ಪಂದವು ಯುದ್ಧದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. 1975ರಲ್ಲಿ ಜಾರಿಗೆ ಬಂದ ಒಪ್ಪಂದವು ಜೈವಿಕ ಅಸ್ತ್ರಗಳ ತಯಾರಿಕೆಯನ್ನೂ, 1997ರ ಒಪ್ಪಂದವು ರಾಸಾಯನಿಕ ಅಸ್ತ್ರಗಳ ತಯಾರಿಕೆಯನ್ನೂ ತಡೆದುವು. ಎರಡಕ್ಕೂ ಸೇರಿದ ಭಾರತವು ತನ್ನಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು 2009ರ ವೇಳೆಗೆ ಪೂರ್ತಿಯಾಗಿ ನಾಶಗೊಳಿಸಿತು. ಸಾಮೂಹಿಕ ವಿನಾಶದ ಅಸ್ತ್ರಗಳ ವಿರುದ್ಧ 2005ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿತು.

ಈ ಕಟ್ಟಳೆಗಳೆಲ್ಲ ಕಣ್ಣಿಗೆ ಕಾಣುವ ವಸ್ತುಗಳಿಗೆ ಹೊಂದಿದಂಥವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳಲ್ಲಿ ಹರಡಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಹೆಲಿಕಾಪ್ಟರ್ ಕಾರ್ಖಾನೆಯನ್ನು ಯಾರು ಬಚ್ಚಿಡಬಲ್ಲರು? ಕಾರ್ಖಾನೆಗೆ ಗೋಡೆಯುಂಟು, ಬಾಗಿಲುಂಟು, ಲೆಕ್ಕಪತ್ರವುಂಟು. ಆದರೆ ಕೃತಕ ಬುದ್ಧಿಮತ್ತೆಗೆ ಬಾಗಿಲೆಲ್ಲಿ?

2022ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿತು. ಅಮೆರಿಕದ ಔಷಧ ಸಂಶೋಧಕರು ವಿಷಾಂಶವನ್ನು ದೂರವಿಡುವಂತೆ ರೂಪಿಸಿದ್ದ ತಮ್ಮ ಕಂಪ್ಯೂಟರಿಗೆ, ಪರೀಕ್ಷೆಗಾಗಿ, ವಿಷವನ್ನೇ ಹುಡುಕುವಂತೆ ಆಜ್ಞಾಪಿಸಿದರು. ಆರು ಗಂಟೆಗಳೊಳಗೆ ಅದು ಸುಮಾರು 40,000 ಅಣುಗಳ ಸ್ವರೂಪವನ್ನು ಸೂಚಿಸಿತು. ಅವುಗಳಲ್ಲಿ ಘೋರ ನರವಿಷಗಳೂ ಇದ್ದುವು. ಒಂದನ್ನೂ ತಯಾರಿಸಲಿಲ್ಲವೆಂಬುದು ಸಮಾಧಾನದ ಮಾತು. ಸೂಚನೆಯಿಂದ ತಯಾರಿಕೆಗೆ ಇನ್ನೂ ದೂರವಿದೆ. ಆ ದೂರವನ್ನು ಕಾಯುವುದೇ ಈಗ ಸರ್ಕಾರಗಳ ಕರ್ತವ್ಯ.

2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತ, ಚೀನ, ಅಮೆರಿಕಗಳೂ ಸೇರಿದಂತೆ 28 ರಾಷ್ಟ್ರಗಳು ಈ ಅಪಾಯವನ್ನು ಒಮ್ಮತದಿಂದ ಒಪ್ಪಿಕೊಂಡುವು. ಹೊಸ ಯಂತ್ರಗಳನ್ನು ಪರೀಕ್ಷಿಸಲು ಬ್ರಿಟನ್ ಸಂಸ್ಥೆಯೊಂದನ್ನು ತೆರೆಯಿತು. ಭಾರತವೂ 2025ರ ಜನವರಿಯಲ್ಲಿ ತನ್ನ ಸುರಕ್ಷತಾ ಸಂಸ್ಥೆಯನ್ನು ಘೋಷಿಸಿತು. ಅತಿ ಪ್ರಬಲವಾದ ಯಂತ್ರಗಳ ನಿರ್ಮಾಪಕರು ಇಂಥ ಅಪಾಯಗಳನ್ನು ಅಳೆಯಬೇಕೆಂಬ ಯೂರೋಪಿನ ಶಾಸನ 2025ರ ಆಗಸ್ಟಿನಿಂದ ಅನ್ವಯವಾಯಿತು. ಆದರೆ ಅಮೆರಿಕದ ಅಧ್ಯಕ್ಷರು 2023ರಲ್ಲಿ ಹೊರಡಿಸಿದ ಆಜ್ಞೆಯನ್ನು ಅವರ ಉತ್ತರಾಧಿಕಾರಿ 2025ರ ಜನವರಿಯಲ್ಲಿ ರದ್ದುಪಡಿಸಿದರು. ಆಳುವವರು ಬದಲಾದರೆ ಕಾವಲೂ ಬದಲಾಗುವುದೆಂಬುದಕ್ಕೆ ಬೇರೆ ನಿದರ್ಶನವೇಕೆ?

ಹಾಗೆಂದು ಯಂತ್ರವನ್ನೇ ಶಪಿಸುವುದು ವಿವೇಕವಲ್ಲ. ವಿಷವನ್ನು ಗುರುತಿಸುವ ಬುದ್ಧಿಯೇ ಮದ್ದನ್ನೂ ಗುರುತಿಸುತ್ತದೆ. ತುಮಕೂರಿನ ಕಾಲೇಜುಗಳಲ್ಲಿ ಕಂಪ್ಯೂಟರನ್ನೂ ಔಷಧಶಾಸ್ತ್ರವನ್ನೂ ಕಲಿಯುತ್ತಿರುವ ಮಕ್ಕಳು ನಾಳೆ ಈ ವಿದ್ಯೆಯಿಂದಲೇ ಜೀವ ಉಳಿಸಬೇಕಾದವರು. ಅವರಿಗೆ ಗಣಿತ, ರಸಾಯನಗಳ ಜೊತೆಗೆ ಹೊಣೆಯನ್ನೂ ಪಾಠವಾಗಿ ಹೇಳಬೇಕು. ಕಾನೂನು ಹೊರಗಿನ ಬೇಲಿ. ಬೆಳೆಯನ್ನು ಉಳಿಸಲು ಒಳಗಿನ ಎಚ್ಚರವೂ ಬೇಕು.