ಹಳೆಯ ಮೋಟಾರಿಗೆ ಹೊಸ ಕಿಡಿ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಊರಿನಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಅಕ್ಕರೆಯಿಂದ ಉಳಿಸಿಕೊಂಡವರಿಗೆ ಒಂದು ಪ್ರಶ್ನೆ ಎದುರಾಗದೆ ಇರದು. ಬೆಳಗಿನ ಚಳಿಯಲ್ಲಿ ಎಂಜಿನು ಎರಡು ಬಾರಿ ಕೆಮ್ಮಿ ಸುಮ್ಮನಾದರೆ, ಪೇಟೆಯಿಂದ ಮೇಸ್ತ್ರಿ ಬರುವವರೆಗೆ ಕಾಯಬೇಕೆ? ಇಲ್ಲವೆ ‘ಪಾಯಿಂಟು’ಗಳನ್ನು ತೆಗೆದು ಎಲೆಕ್ಟ್ರಾನಿಕ್ ಸಾಧನವನ್ನು ಕೂರಿಸಿ ನಿಶ್ಚಿಂತರಾಗಬಹುದೆ? ಉತ್ತರ ಹೇಳುವ ಮುನ್ನ ಕಿಡಿಯ ಹುಟ್ಟನ್ನು ಅರಿಯುವುದು ಲೇಸು.

ಬ್ಯಾಟರಿಯ ವಿದ್ಯುತ್ತು ಕೇವಲ 12 ವೋಲ್ಟಿನದು. ಸ್ಪಾರ್ಕ್ ಪ್ಲಗ್ಗಿನ ಸಂದನ್ನು ಹಾರಲು ಅದಕ್ಕೆ ಶಕ್ತಿ ಸಾಲದು. ಆದುದರಿಂದ ಅದನ್ನು ಮೊದಲು ತಂತಿಯ ಸುರುಳಿಯೊಂದರಲ್ಲಿ, ಎಂದರೆ ಕಾಯಿಲಿನಲ್ಲಿ, ಹರಿಯಗೊಡುತ್ತಾರೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಥಟ್ಟನೆ ಬೇರ್ಪಟ್ಟೊಡನೆ ಹರಿವು ಕಡಿಯುತ್ತದೆ. ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕ್ಷಣದಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಢಿಗೆ ತಂದ ಈ ಉಪಾಯವೇ ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತಿನ ಮೋಟಾರುಗಳನ್ನು ಓಡಿಸಿತು.

ಪಾಯಿಂಟುಗಳ ದುಡಿಮೆ ಸಾಮಾನ್ಯವಾದುದಲ್ಲ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅವು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಹೀಗೆ ಬಡಿದು ಬಡಿದು ಅವುಗಳ ಮುಖ ಸುಟ್ಟು ಗುಳಿ ಬೀಳುತ್ತದೆ. ಕ್ಯಾಮಿಗೆ ಉಜ್ಜುವ ತುಂಡು ಸವೆದಂತೆ ಅವುಗಳ ನಡುವಿನ ಸಂದು ಕಿರಿದಾಗಿ ಕಿಡಿ ತಡವಾಗಿ ಹಾರುತ್ತದೆ. ಆಗ ಎಂಜಿನಿನ ಕಸುವು ಕುಂದುತ್ತದೆ, ಪೆಟ್ರೋಲು ಪೋಲಾಗುತ್ತದೆ.

ಎಲೆಕ್ಟ್ರಾನಿಕ್ ಸಾಧನದಲ್ಲಿ ಉಜ್ಜುವ ಭಾಗವೇ ಇಲ್ಲ. ಸಾಮಾನ್ಯವಾಗಿ ದೊರೆಯುವ ಬಗೆಯಲ್ಲಿ ಡಿಸ್ಟ್ರಿಬ್ಯೂಟರಿನ ದಂಡಕ್ಕೆ ಸಣ್ಣ ಅಯಸ್ಕಾಂತಗಳ ಬಳೆಯೊಂದನ್ನು ತೊಡಿಸುತ್ತಾರೆ. ಅದು ತಿರುಗುವುದನ್ನು ಪಕ್ಕದ ಸಂವೇದಕ ಗುರುತಿಸುತ್ತದೆ. ಟ್ರಾನ್ಸಿಸ್ಟರು ವಿದ್ಯುತ್ತನ್ನು ಕಡಿಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಮಾದರಿಯ ಕಾರುಗಳಿಗೆ ಎಲೆಕ್ಟ್ರಾನಿಕ್ ಕಿಡಿವ್ಯವಸ್ಥೆಯನ್ನು ಸಾರ್ವತ್ರಿಕವಾಗಿ ಅಳವಡಿಸಿತು.

ಆದರೂ ಅವಸರ ಸಲ್ಲದು. ಬಹಳ ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಕಾರಿನ ದೇಹಕ್ಕೆ ಜೋಡಿಸಿರುತ್ತಾರೆ; ಅಂತಹವಕ್ಕೆ ಇಂದಿನ ವಾಡಿಕೆಯ ಸಾಧನವನ್ನು ಕೂರಿಸಿದರೆ ಕ್ಷಣದಲ್ಲಿ ಸುಟ್ಟೀತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಮೋಟಾರ್‌ಸೈಕಲ್ಲುಗಳದು 6 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ಸಾಧನ ಅವಕ್ಕೆ ಹೊಂದದು. ಕಾಯಿಲಿನ ರೋಧ ಸಾಧನಕ್ಕೆ ತಕ್ಕುದೆ ಎಂದು ಅಳೆದು ನೋಡಬೇಕು. ಎಂಜಿನು ನಿಂತಿರುವಾಗ ಕೀಲಿಯನ್ನು ತಿರುಗಿಸಿ ಬಿಡಲಾಗದು. ಕೂರಿಸಿದ ಬಳಿಕ ಕಿಡಿಯ ಕಾಲವನ್ನು ಹೊಸದಾಗಿ ಹೊಂದಿಸಲೇಬೇಕು.

ಇಲ್ಲಿ ಇನ್ನೊಂದು ಮಾತುಂಟು. ಪಾಯಿಂಟುಗಳು ಸಾಯುವುದು ನಿಧಾನವಾಗಿ, ಮುನ್ಸೂಚನೆ ಕೊಟ್ಟು. ದಾರಿಯಲ್ಲಿ ಕೆಟ್ಟರೆ ಮರಳು ಕಾಗದದಿಂದ ಉಜ್ಜಿ, ಸಂದನ್ನು ಸರಿಪಡಿಸಿ, ಮನೆ ಸೇರಬಹುದು. ಎಲೆಕ್ಟ್ರಾನಿಕ್ ಸಾಧನ ಕೆಡುವುದು ವಿರಳ. ಕೆಟ್ಟರೆ ಮಾತ್ರ ಒಮ್ಮೆಗೇ ಮೌನ. ಹೊಲದಂಚಿನ ರಸ್ತೆಯಲ್ಲಿ ಅದನ್ನು ಬಿಚ್ಚಿ ರಿಪೇರಿ ಮಾಡುವ ಕುಶಲಿ ದೊರೆಯಲಾರನು. ಪಟ್ಟಣದವನಿಗೆ ಇದು ಚಿಕ್ಕ ವಿಷಯ. ಹಳ್ಳಿಯವನಿಗೆ, ಅದರಲ್ಲಿಯೂ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದವನಿಗೆ, ದೊಡ್ಡದು.

ಕಾನೂನಿನ ಮಾತೂ ಇದೆ. 2021ರ ಕೇಂದ್ರ ನಿಯಮಗಳಂತೆ 50 ವರ್ಷ ಮೀರಿ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಉಂಟು. ಅದನ್ನು ಬಯಸುವವರು ಮೂಲ ಭಾಗಗಳನ್ನು ಎಸೆಯಬಾರದು.

ಹಾಗಾದರೆ ತೀರ್ಮಾನವೇನು? ಕಾರು ದಿನವೂ ಓಡುವುದಾದರೆ ಹೊಸ ಸಾಧನ ಖಂಡಿತ ಉಪಕಾರಿ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಒಳ್ಳೆಯ ಪಾಯಿಂಟುಗಳನ್ನು ಹುಡುಕಿ ತರುವುದೂ ಈಗ ಸುಲಭವಲ್ಲ. ಆದರೆ ತೆಗೆದ ಪಾಯಿಂಟು, ಕಂಡೆನ್ಸರುಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಸ್ಕ್ರೂಡ್ರೈವರು, ಒಂದು ಫೀಲರ್ ಗೇಜಿನೊಡನೆ ಕಾರಿನಲ್ಲಿಯೇ ಇರಿಸಿಕೊಳ್ಳಿ. ಅವನ್ನು ಮರಳಿ ಕೂರಿಸುವ ಕ್ರಮವನ್ನು ಹೊರಡುವ ಮುನ್ನ ಮನೆಯಂಗಳದಲ್ಲಿ ಒಮ್ಮೆ ಕಲಿತುಕೊಳ್ಳುವುದನ್ನು ಮಾತ್ರ ಮರೆಯಬೇಡಿ.