ವಿಡಿಯೋ ಗೇಮ್ ವ್ಯಾಯಾಮ: ಆರು ವಾರ ಆದ್ಮೇಲೆ ಏನು?

ಜಿಮ್‌ಗೆ ಹೋಗೋಣ ಅಂದ್ರೆ ಟ್ರಾಫಿಕ್ ಬಿಡಲ್ಲ, ಬೆಳಗ್ಗೆ ವಾಕಿಂಗ್ ಅಂದ್ರೆ ನಿದ್ದೆ ಬಿಡಲ್ಲ. ಹಾಗಾದ್ರೆ ಮನೆಯಲ್ಲೇ ಟಿವಿ ಮುಂದೆ ಆಟ ಆಡ್ತಾ ಬೆವರಿಳಿಸಿದ್ರೆ ಹೇಗೆ? ಫಿಟ್‌ನೆಸ್ ವಿಡಿಯೋ ಗೇಮ್‌ಗಳು ಮಾರಾಟವಾಗುವುದೇ ಈ ಆಸೆಯ ಮೇಲೆ. ನಿಂಟೆಂಡೊ ಕಂಪನಿ 2007ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ 'ವೀ ಫಿಟ್' ಜಗತ್ತಿನಾದ್ಯಂತ 2 ಕೋಟಿಗೂ ಹೆಚ್ಚು ಮಾರಾಟವಾಯಿತು. 2019ರ 'ರಿಂಗ್ ಫಿಟ್ ಅಡ್ವೆಂಚರ್' ಕೂಡ ಒಂದೂವರೆ ಕೋಟಿ ದಾಟಿತು.

ಕೊಂಡವರೇನೋ ಕೋಟಿಗಟ್ಟಲೆ. ಆದರೆ ಎಷ್ಟು ದಿನ ಆಡಿದರು?

ಲೆಕ್ಕ ಏನು ಹೇಳುತ್ತೆ?

ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಂಶೋಧಕರು 8 ಕುಟುಂಬಗಳಿಗೆ 3 ತಿಂಗಳು ವೀ ಫಿಟ್ ಕೊಟ್ಟು ನೋಡಿದರು. ಮೊದಲ 6 ವಾರ ಮನೆಯವರೆಲ್ಲ ಸೇರಿ ದಿನಕ್ಕೆ ಸರಾಸರಿ 22 ನಿಮಿಷ ಆಡಿದರು. ಮುಂದಿನ 6 ವಾರಕ್ಕೆ ಅದು 4 ನಿಮಿಷಕ್ಕೆ ಇಳಿಯಿತು! ಸಣ್ಣ ಅಧ್ಯಯನವೇ ಇರಬಹುದು. ಆದರೆ ಹೊರಗೆ ಓಡಾಡಿ ಆಡುವ 'ಪೊಕೆಮಾನ್ ಗೋ' ಕಥೆಯೂ ಇದೇ. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಆಟ ಹಾಕಿಕೊಂಡ ಮೊದಲ ವಾರ ದಿನಕ್ಕೆ ಸುಮಾರು 955 ಹೆಜ್ಜೆ ಜಾಸ್ತಿಯಾಯಿತು. ಆರನೇ ವಾರದ ಹೊತ್ತಿಗೆ ಎಲ್ಲ ಮೊದಲಿನಂತೆಯೇ.

ನಮ್ಮ ಹಿರಿಯರು ಇದಕ್ಕೇ 'ಆರಂಭಶೂರತ್ವ' ಅಂತ ಹೆಸರಿಟ್ಟಿದ್ದು.

ಯಾಕೆ ಹೀಗೆ?

ಆಟದ ಮಜಾ ಇರುವುದು ಹೊಸತರಲ್ಲಿ. ದೇಹಕ್ಕೆ ಬೇಕಾಗಿರುವುದು ಅದನ್ನೇ ಮತ್ತೆ ಮತ್ತೆ ಮಾಡುವುದು. ಎಲ್ಲ ಲೆವೆಲ್ ನೋಡಿಯಾದ ಮೇಲೆ ಉಳಿಯುವುದು ಬರೀ ಬಸ್ಕಿ. ಜೊತೆಗೆ ಟೀಪಾಯಿ ಸರಿಸಬೇಕು, ಕಂಟ್ರೋಲರ್ ಚಾರ್ಜ್ ಮಾಡಬೇಕು, ಮನೆಯವರ ಸೀರಿಯಲ್ ಮುಗಿಯೋವರೆಗೂ ಕಾಯಬೇಕು. ಅದೇ ಟಿವಿಯಲ್ಲಿ ಅದೇ ಸೋಫಾ ಮೇಲೆ ಕೂತು ಸಿನಿಮಾ ನೋಡೋದು ಎಷ್ಟು ಸುಲಭ!

ಉಳಿಸಿಕೊಳ್ಳೋದು ಹೇಗೆ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸಾಮಾನ್ಯವಾಗಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವೂ ಬೇಕಾಯಿತು. ಅಂದರೆ, ಆಟ ಬೋರಾಗುವ ಹೊತ್ತಿಗೆ ಬಹುತೇಕರಿಗೆ ಅಭ್ಯಾಸ ಇನ್ನೂ ಅರ್ಧ ದಾರಿಯಲ್ಲಿರುತ್ತೆ. ಆ ಅಂತರ ದಾಟಿಸೋದೇ ಸವಾಲು.

• ಸಮಯ ಒಂದೇ ಇರಲಿ. 'ಫ್ರೀ ಆದಾಗ' ಅಂದುಕೊಂಡರೆ ಫ್ರೀ ಆಗೋದೇ ಇಲ್ಲ.
• ಸಾಮಾನು ಕಣ್ಣಿಗೆ ಕಾಣುವಂತಿರಲಿ. ಕಪಾಟು ಸೇರಿದರೆ ಮುಗಿಯಿತು.
• ಕೆಳಗಿನ ಮನೆಯವರ ಚಿಂತೆಯೇ? ರಿಂಗ್ ಫಿಟ್‌ನಲ್ಲಿ ಓಡುವ ಬದಲು ಮಂಡಿ ಬಗ್ಗಿಸಿ ಆಡುವ, ಸದ್ದಿಲ್ಲದ ಆಯ್ಕೆ ಇದೆ.
• ಐದನೇ ವಾರಕ್ಕೇ ಇನ್ನೊಂದನ್ನು ಜೋಡಿಸಿ. ವಾರದಲ್ಲಿ ಎರಡು ದಿನ ಆಟ, ಎರಡು ದಿನ ಷಟಲ್ ಅಥವಾ ನಡಿಗೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಅದು ಗೇಮ್‌ನಿಂದಲೇ ಬರಬೇಕು ಅಂತೇನಿಲ್ಲ. ಆಟ ಬಿಟ್ಟುಹೋದರೂ ಆ ಹೊತ್ತು ವ್ಯಾಯಾಮಕ್ಕೇ ಉಳಿದರೆ ಕೊಟ್ಟ ದುಡ್ಡು ದಂಡವಲ್ಲ.

ಇನ್ನೂ ಕೊಂಡಿಲ್ಲವೇ? ಹಾಗಾದ್ರೆ ಕಾರ್ಡ್ ಉಜ್ಜುವ ಮುಂಚೆ ಒಂದು ಪರೀಕ್ಷೆ. ಮೂರು ವಾರ, ವಾರಕ್ಕೆ ಮೂರು ದಿನ, ಅದೇ ಹಾಲ್‌ನಲ್ಲಿ ಯಾವುದಾದರೂ ಉಚಿತ ವ್ಯಾಯಾಮದ ವಿಡಿಯೋ ಹಾಕಿಕೊಂಡು 20 ನಿಮಿಷ ಮಾಡಿ. ಒಂಬತ್ತು ದಿನವೂ ಆಯಿತೇ? ಧೈರ್ಯವಾಗಿ ಕೊಳ್ಳಿ. ಆಗಲಿಲ್ಲವೇ? ನಿಮಗೆ ಬೇಕಾಗಿರುವುದು ಗೇಮ್ ಅಲ್ಲ, ದಿನದಲ್ಲಿ 20 ನಿಮಿಷ. ಮೊದಲು ಅದನ್ನು ಹುಡುಕಿ.